ರಜೆಗೆ ತಂದ ಮರಿಗಳು

ಬೇಸಿಗೆ ನಡುಮಧ್ಯಕ್ಕೆ ಬಂದು ಕಾಲೂರಿ ನಿಂತಿತ್ತು. ಬೆಳಗಿನ ಎಂಟು ಗಂಟೆಗೆಲ್ಲ ಕೋಳಿಮರಿ ಹುಟ್ಟಿಸುವ ಹ್ಯಾಚರಿಯ ತಗಡಿನ ಮಾಡು ಚಿಟಚಿಟ ಸದ್ದು ಮಾಡತೊಡಗಿತ್ತು. ಆದರೆ ಮರಿ ವಿಂಗಡಿಸುವ ಕೋಣೆಗೆ ಹೊರಗಿನ ಋತುಗಳ ಗೊಡವೆಯಿಲ್ಲ. ಅಲ್ಲಿ ವರ್ಷವಿಡೀ ಒಂದೇ ಹವೆ, ಆಗತಾನೆ ಮೊಟ್ಟೆಯೊಡೆದು ಬಂದ ಮರಿಗಳಿಗೆ ಹಿತವಾಗುವಷ್ಟು, ಮನುಷ್ಯರ ಬೆನ್ನಲ್ಲಿ ಬೆವರು ಹರಿಯುವಷ್ಟು. ಮೇಜಿನ ಮೇಲೆ ತಗ್ಗಾಗಿ ಇಳಿಬಿಟ್ಟ ದೀಪದ ಕೆಳಗೆ ಅವನು ಕೂತಿದ್ದ. ಎಡಗೈ ತಟ್ಟೆಯಿಂದ ಒಂದು ಮರಿಯನ್ನೆತ್ತುತ್ತಿತ್ತು, ಬಲಗೈಯ ಹೆಬ್ಬೆರಳು ಅದರ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸುತ್ತಿತ್ತು, ಕಣ್ಣು ಒಂದೇ ಒಂದು ಸಲ ನೋಡುತ್ತಿತ್ತು. ರೆಕ್ಕೆಯಂಚಿನಲ್ಲಿ ಎರಡು ಸಾಲು ಎಳೆಗರಿ. ಒಂದು ಸಾಲು ಉದ್ದ, ಒಂದು ಗಿಡ್ಡ ಇದ್ದರೆ ಹೆಣ್ಣು. ಬಲಗಡೆಯ ರಟ್ಟಿನ ಪೆಟ್ಟಿಗೆಗೆ. ಎರಡೂ ಸಮನಾಗಿದ್ದರೆ ಗಂಡು. ಎಡಗಡೆಯ ನೀಲಿ ಡ್ರಮ್ಮಿಗೆ. ಮೊಟ್ಟೆಗೆಂದೇ ಸಾಕುವ ಜಾತಿ ಇದು. ಗಂಡು ಮೊಟ್ಟೆಯಿಡುವುದಿಲ್ಲ, ಮೈಯೂ ತುಂಬಿಕೊಳ್ಳುವುದಿಲ್ಲ, ಅದಕ್ಕೆ ಹಾಕಿದ ಕಾಳು ದಂಡ. ಆದ್ದರಿಂದ ಹುಟ್ಟಿದ ದಿನವೇ ಡ್ರಮ್ಮು. ಡ್ರಮ್ಮು ತುಂಬಿದರೆ ಕಾಂಪೌಂಡಿನ ಹಿಂದಿನ ಸುಣ್ಣದ ಗುಂಡಿ. ಮೊದಲ ನೂರು ಮರಿ ಬಿದ್ದಾಗ ಡ್ರಮ್ಮಿನೊಳಗಿಂದ ಒಂದೇ ಸಮನೆ ಚೀಂಗುಟ್ಟುವ ಸದ್ದು ಬರುತ್ತದೆ. ಆಮೇಲೆ ಅದು ತುಂಬುತ್ತ ಹೋದಂತೆ ಸದ್ದು ಹೆಚ್ಚುವುದರ ಬದಲು ಕಡಿಮೆಯಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವನಿಗೆ ಇದು ವಿಚಿತ್ರವೆನ್ನಿಸಿತ್ತು. ಈಗ ಸದ್ದು ಎಷ್ಟು ಇಳಿದಿದೆ ಎನ್ನುವುದರ ಮೇಲೆ ಊಟಕ್ಕೆ ಎಷ್ಟು ಹೊತ್ತಿದೆ ಎಂದು ಹೇಳಬಲ್ಲ.

ಹದಿನೆಂಟು ವರ್ಷ ಈ ಕೆಲಸವನ್ನು ಯೋಚಿಸದೆ ಮಾಡಿದ್ದಕ್ಕೇ ಅವನಿಗೆ ಬೆರಳಪ್ಪ ಎಂಬ ಹೆಸರು ಬಿದ್ದದ್ದು. ಹೊಸಬರನ್ನು ಕರೆತಂದಾಗ ಮ್ಯಾನೇಜರು ಅವನ ಹಿಂದೆ ನಿಲ್ಲಿಸಿ, "ನೋಡ್ರಪ್ಪ, ಇವನ ಬೆರಳಿಗೇ ಕಣ್ಣಿದೆ" ಅನ್ನುತ್ತಿದ್ದರು. ಈಗ ಅವನಿಗೆ ಬೆರಳಿನ ಕಣ್ಣನ್ನೇ ನಂಬಬೇಕಾದ ಗತಿ ಬಂದಿತ್ತು. ಕಳೆದ ಚಳಿಗಾಲದಿಂದ ಆ ಎರಡು ಸಾಲುಗಳು ದೀಪದ ಬೆಳಕಿನಲ್ಲಿ ಒಂದರೊಳಗೊಂದು ಕರಗಿಹೋಗುತ್ತಿದ್ದವು. ಮರಿಯನ್ನು ದೂರ ಹಿಡಿದರೆ ಸಾಲುಗಳು ಬೇರೆಯಾಗುತ್ತವೆ. ಆದರೆ ದೂರ ಹಿಡಿದದ್ದನ್ನು ಯಾರಾದರೂ ಕಂಡರೆ ಮುಗಿಯಿತು. ಕನ್ನಡಕ ಹಾಕಿಕೊಂಡು ಬಂದ ಹಳೇ ಕೆಲಸಗಾರನೊಬ್ಬನನ್ನು ವಾರದೊಳಗೆ ಡ್ರಮ್ಮು ಹೊರಲು ಹಾಕಿದ್ದನ್ನು ಅವನು ಕಂಡಿದ್ದ. ಆ ಮನುಷ್ಯ ಈಗ ಗಂಬೂಟು ತೊಟ್ಟು ದಿನಕ್ಕೆ ಹತ್ತು ಸಲ ಗುಂಡಿಗೆ ಹೋಗಿಬರುತ್ತಾನೆ, ಸಂಬಳ ಅರ್ಧ, ಯಾರ ಹತ್ತಿರವೂ ಮಾತಿಲ್ಲ, ಊಟಕ್ಕೆ ಕೂತರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ವಾಸನೆ. ಹೋದ ತಿಂಗಳು ಒಬ್ಬ ಗಿರಾಕಿಯಿಂದ ದೂರು ಬಂದಿತ್ತು. ಹೆಣ್ಣೆಂದು ಕೊಂಡುಹೋದ ಸಾವಿರ ಮರಿಯಲ್ಲಿ ಅರವತ್ತಕ್ಕೆ ಜುಟ್ಟು ಮೂಡಿತಂತೆ. ಮ್ಯಾನೇಜರು ಎಲ್ಲರೆದುರಿಗೆ, "ಏನೋ ಬೆರಳಪ್ಪ, ನಿನ್ನ ಹೆಣ್ಣುಗಳು ಬೆಳಗ್ಗೆ ಎದ್ದು ಕೊಕ್ಕೊಕೋ ಅಂತ ಕೂಗ್ತಾವಂತಲ್ಲೋ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅವನೂ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ನಗು ನಿಂತ ಮೇಲೆ ಮ್ಯಾನೇಜರು ಮೆಲ್ಲಗೆ ಹೇಳಿದ್ದರು: "ಮುಂದಿನ ತಿಂಗಳು ಒಂದು ದಿವಸ ನಿನ್ನ ಪೆಟ್ಟಿಗೆ ತೆಗೆದು ನೂರು ಮರಿ ನೋಡ್ತೀನಿ. ಎರಡಕ್ಕಿಂತ ಜಾಸ್ತಿ ಗಂಡು ಸಿಕ್ಕಿದ್ರೆ ಡ್ರಮ್ಮಿಗೆ ಹೋಗು. ಬೇಜಾರು ಮಾಡ್ಕೋಬೇಡ." ಅವತ್ತಿನಿಂದ ಅವನು ಆ ಒಂದು ದಿವಸವನ್ನು ಕಾಯುತ್ತ ಕೂತಿದ್ದ. ಒಂದೊಂದು ಮರಿಯನ್ನೆತ್ತುವಾಗಲೂ ಇದೇ ಇರಬಹುದು, ಇದೇ ನನ್ನನ್ನು ತೆಗೆಯುವ ಮರಿ ಇರಬಹುದು ಎನ್ನಿಸಿ ಹೆಬ್ಬೆರಳು ಬೆವರುತ್ತಿತ್ತು.

ಆದರೆ ಈ ಬೆಳಿಗ್ಗೆ ಅವನ ಮನಸ್ಸನ್ನು ಕಚ್ಚಿ ಹಿಡಿದದ್ದು ಅದಲ್ಲ. ಮಕ್ಕಳು ಏಳುವ ಮುಂಚೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಕದ್ದವನ ಹಾಗೆ ಅವನು ಮನೆಯಿಂದ ಹೊರಬಿದ್ದಿದ್ದ. ಹಜಾರದ ಮೂಲೆಯಲ್ಲಿ ಶೂ ಡಬ್ಬಿಯೊಳಗೆ ಮೂರು ಮರಿ ಇನ್ನೂ ಉಸಿರಾಡುತ್ತಿದ್ದವು. ಡಬ್ಬಿಯ ಪಕ್ಕದಲ್ಲೇ ದೊಡ್ಡ ಮಗಳು, ಕೈಯನ್ನು ಅದರ ಮುಚ್ಚಳದ ಮೇಲಿಟ್ಟುಕೊಂಡು, ಬಾಯಿ ತೆರೆದು ಮಲಗಿದ್ದಳು. ಇವತ್ತು ಅವಳನ್ನು ಕರೆದುಕೊಂಡು ಹೋಗಬೇಕಾಗಿತ್ತು. ಹ್ಯಾಚರಿಯಿಂದ ಮೊದಲ ಸಲ ಮನೆಗೆ ತಂದ ಮರಿಗಳನ್ನು ವಾಪಸು ಒಯ್ದು ಇವತ್ತಿಗೆ ಒಂದು ತಿಂಗಳು. ಒಂದು ತಿಂಗಳಾಗಲಿ, ಕೋಳಿ ಸಾಕುವ ದೊಡ್ಡ ಶೆಡ್ಡಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸುತ್ತೇನೆ ಎಂದು ಅವನೇ ಮಾತು ಕೊಟ್ಟಿದ್ದ.

ಮರಿ ತರುವ ಮುಂಚೆ ಏನೇನು ಮಾಡಿರಲಿಲ್ಲ ಅವನು. ರಜೆ ಶುರುವಾದ ದಿನವೇ ಮೇಲಿನ ಮನೆಯ ಬಸ್ಸಿನ ಡ್ರೈವರನ ಮಕ್ಕಳು ಬಣ್ಣದ ಟೋಪಿ ಹಾಕಿಕೊಂಡು ಯಾವುದೋ ಬೇಸಿಗೆ ಶಿಬಿರದ ವ್ಯಾನು ಹತ್ತಿದ್ದವು. ಈಜು, ಮಣ್ಣಿನ ಗೊಂಬೆ, ಮುಖಕ್ಕೆ ಹುಲಿಯ ಬಣ್ಣ. ದೊಡ್ಡವಳು ಗೇಟಿನ ಸರಳು ಹಿಡಿದು ವ್ಯಾನು ತಿರುವು ದಾಟುವ ತನಕ ನೋಡುತ್ತಿದ್ದಳು, ಕೇಳಲಿಲ್ಲ. ಕೇಳಿದ್ದರೆ ಬೈದು ಹಗುರಾಗಬಹುದಿತ್ತು. ಹೆಂಡತಿ ಬೆಳಿಗ್ಗೆ ಆರಕ್ಕೆ ಲಾಂಡ್ರಿಗೆ ಹೋದರೆ ಸಂಜೆ ಬೆರಳುಗಳೆಲ್ಲ ಬೆಂದ ಹಾಗೆ ಬೆಳ್ಳಗಾಗಿಸಿಕೊಂಡು ಬರುತ್ತಾಳೆ. ಮನೆಯಲ್ಲಿರುವುದು ಅತ್ತೆ ಒಬ್ಬಳು. ಕಾಲು ಬಾರದು, ಮಂಚದ ಮೇಲಿಂದಲೇ ಕಾವಲು. ಮಕ್ಕಳ ಗಲಾಟೆಗೆ ಮನೆಯೊಡತಿ ಎರಡು ಸಲ ಬಂದು, "ಮನೆ ಬಾಡಿಗೆಗೆ ಕೊಟ್ಟಿದ್ದೀನಿ ಕಣ್ರೀ, ಕಿವಿ ಅಲ್ಲ" ಅಂದು ಹೋಗಿದ್ದಳು. ಕೆಲಸವಿಲ್ಲದ ದಿನಗಳಲ್ಲಿ ಅವನು ಇಬ್ಬರನ್ನೂ ಕರೆದುಕೊಂಡು ರೈಲು ನೋಡಲು ಹೋದ. ಬ್ಯಾಂಕಿನ ತಂಪಿನಲ್ಲಿ ಕೂರಿಸಿದ. ಒಂದು ದಿನ ಮೂರು ಅಂತಸ್ತಿನ ಪೀಠೋಪಕರಣದ ಅಂಗಡಿಗೆ ಹೋಗಿ, ಒಂದೊಂದು ಸೋಫಾದ ಮೇಲೂ ಕೂತು, ಇದು ನಮ್ಮ ಮನೆ, ಇದು ಚಿಕ್ಕಪ್ಪನ ಮನೆ, ಇದು ರಾಜನ ಮನೆ ಎಂದು ಆಟವಾಡಿಸಿದ. ಅಂಗಡಿಯ ಹುಡುಗಿ ಬಂದು "ಯಾವುದು ತೋರಿಸ್ಲಿ ಸಾರ್?" ಅಂದಳು. "ನೋಡ್ತಾ ಇದ್ದೀವಿ" ಅಂದ. ಐದು ನಿಮಿಷ ಬಿಟ್ಟು ಮತ್ತೆ ಬಂದಳು. ಮೂರನೆಯ ಸಲ ಏನೂ ಕೇಳಲಿಲ್ಲ. ಅವರು ಎದ್ದು ಬಾಗಿಲವರೆಗೆ ಹೋಗುವುದರೊಳಗೆ ಬಟ್ಟೆ ತಂದು ಅವರು ಕೂತ ಜಾಗವನ್ನು ಒರೆಸತೊಡಗಿದಳು. ಚಿಕ್ಕವಳು ತಿರುಗಿ ನೋಡಿ, "ಅಪ್ಪಾ, ಆ ಅಕ್ಕ ರಾಜನ ಮನೆ ಗುಡಿಸ್ತಿದ್ದಾರೆ" ಅಂತ ಕೂಗಿದಳು. ದೊಡ್ಡವಳು ತಂಗಿಯ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ಒಂಬತ್ತು ವರ್ಷದ ಹುಡುಗಿಗೆ ಅಷ್ಟೆಲ್ಲ ತಿಳಿಯಬಾರದು. ಮರುದಿನ ಸಂಜೆಯೇ ಅವನು ಡ್ರಮ್ಮಿನಿಂದ ಹನ್ನೆರಡು ಮರಿ ಎತ್ತಿ ಶೂ ಡಬ್ಬಿಗೆ ಹಾಕಿಕೊಂಡದ್ದು. "ಅಂಗಡಿ ಬೊಂಬೆಗೆ ಕೀಲಿ ಕೊಡ್ಬೇಕು. ಇದಕ್ಕೆ ಕೀಲಿನೂ ಬೇಡ, ನೋಡಿ" ಎಂದು ನೆಲಕ್ಕೆ ಬಿಟ್ಟಾಗ ಹಜಾರವೆಲ್ಲ ಹಳದಿಯಾಗಿ ಹರಿದಾಡಿತು. ಚಿಕ್ಕವಳು ಉಸಿರುಗಟ್ಟಿ ನಕ್ಕಳು. ಅತ್ತೆ ಮಂಚದ ಮೇಲಿಂದ, "ಮನೆ ತುಂಬ ಹೆಣ್ಣು ಅಂತ ಅಳ್ತಿದ್ದೆಯಲ್ಲ ಅಳಿಯ, ಈಗ ನೋಡು, ಒಂದು ಡಜನ್ ಗಂಡು" ಅಂದಳು. ಹಾಗೆ ಅವನು ಎಂದೂ ಅತ್ತಿರಲಿಲ್ಲ. ಆದರೆ ಆ ಹೊತ್ತಿನ ಸಂತೋಷದಲ್ಲಿ ಅದನ್ನೂ ನಕ್ಕು ಒಪ್ಪಿಕೊಂಡ.

ಮೂರನೆಯ ದಿನ ಅವು ಸಾಯತೊಡಗಿದವು. ಕಾವಿಲ್ಲ, ಸರಿಯಾದ ಕಾಳಿಲ್ಲ, ಚಿಕ್ಕವಳ ಮುಷ್ಟಿಯ ಮುದ್ದು ಬೇರೆ. ಆರು ಮರಿ ಒಂದೇ ಮಧ್ಯಾಹ್ನ ಕಾಲು ಚಾಚಿದಾಗ ಚಿಕ್ಕವಳು ಅತ್ತ ಅಳುವಿಗೆ ಮನೆಯೊಡತಿ ಮೂರನೆಯ ಸಲ ಬಂದಳು. ಮರಿ ಆಟವಾಡಿಸುವುದು ಸುಲಭ, ಅವು ಸಾಯುವುದನ್ನು ನೋಡದ ಹಾಗೆ ನೋಡಿಕೊಳ್ಳುವುದೇ ಕೆಲಸ ಎಂದು ಅವನಿಗೆ ಅರ್ಥವಾಯಿತು. ಉಳಿದ ಆರನ್ನು ಡಬ್ಬಿಗೆ ಹಾಕಿ, "ಇವಕ್ಕೆ ಈಗ ದೊಡ್ಡ ಶೆಡ್ಡಿಗೆ ಹೋಗೋ ವಯಸ್ಸು. ಅಲ್ಲಿ ಫ್ಯಾನಿದೆ, ನೀರಿನ ನಲ್ಲಿಯಿದೆ. ದೊಡ್ಡವಾಗ್ತವೆ" ಅಂದ. ದೊಡ್ಡವಳು ಒಂದೊಂದನ್ನೂ ಕೈಗೆ ತೆಗೆದುಕೊಂಡು ಅದರ ಗುಣ ವಿವರಿಸಿ ಒಪ್ಪಿಸಿದಳು: ಈ ಲಂಬುಗೆ ಕೊಕ್ಕನ್ನ ನೀರಲ್ಲಿ ಅದ್ದಿದ್ರೇನೇ ಕುಡಿಯೋದು, ಈ ಮಂಕನ್ನ ಬೇರೆಯವರ ಜೊತೆ ಹಾಕಬೇಡ ಕುಕ್ಕುತ್ತವೆ, ಈ ಲಾಯರು ಸುಮ್ಮನೆ ಕೂಗ್ತಾನೇ ಇರ್ತಾನೆ ಆದರೆ ಒಳ್ಳೆಯವನು. ಅವನು ತಲೆಯಾಡಿಸಿದ. ಹೊರಗಿನ ಜೀವವನ್ನು ಹ್ಯಾಚರಿಯ ಒಳಗೆ ಬಿಡುವ ಹಾಗಿಲ್ಲ, ರೋಗದ ಭಯ. ಆದ್ದರಿಂದ ಹಿಂದಿನ ದಾರಿಯಲ್ಲಿ ಹೋಗಿ ಸುಣ್ಣದ ಗುಂಡಿಯ ಅಂಚಿನಲ್ಲಿ ನಿಂತು ಡಬ್ಬಿಯನ್ನು ಬೋರಲು ಹಾಕಿದ. ಮೊದಲ ಸಲ ಮುಖ ತಿರುಗಿಸಿಕೊಂಡಿದ್ದ. ಆಮೇಲೆ ಮನೆಗೆ ಹೊಸ ಮರಿ ಒಯ್ಯುವುದು, ಸಾಯತೊಡಗಿದರೆ ಉಳಿದವನ್ನು ಇಲ್ಲಿಗೆ ತರುವುದು ರೂಢಿಯಾಯಿತು. ನಾಲ್ಕನೆಯ ಸಲಕ್ಕೆ ಬಾಯಲ್ಲಿ ಬೀಡಿಯಿತ್ತು, ಹೊಗೆ ಬಿಡುತ್ತಲೇ ಒಂದೇ ಕೈಯಿಂದ ಡಬ್ಬಿ ಕೊಡವಿದ್ದ. ಕೊಡವಿದ ಮೇಲೆ ಡಬ್ಬಿಯ ತಳಕ್ಕೆ ಅಂಟಿದ್ದ ಒಂದು ಕಾಗದದ ಚೂರು ಕಂಡಿತು. ಮಗಳ ದುಂಡು ಅಕ್ಷರ: "ಇವರೆಲ್ಲ ಒಟ್ಟಿಗೆ ಇರಬೇಕು." ಬೀಡಿ ಸೇದಿ ಮುಗಿಸುವ ತನಕ ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಒಟ್ಟಿಗೇ ಇದ್ದಾರಲ್ಲ ಎಂಬ ಮಾತು ಮನಸ್ಸಿನಲ್ಲಿ ಮೂಡಿದಾಗ ತನಗೇ ಹೇಸಿಗೆಯಾಯಿತು, ಜೊತೆಗೆ ಸ್ವಲ್ಪ ನಗುವೂ ಬಂತು.

"ಬೆರಳಪ್ಪಾ, ನಿನ್ನ ಸೈನ್ಯ ಗೇಟಿಗೆ ಬಂದು ನಿಂತಿದೆ" ಎಂದು ಕಾವಲುಗಾರ ಬಾಗಿಲಲ್ಲಿ ತಲೆ ತೂರಿಸಿದಾಗ ಅವನಿಗೆ ಮೊದಲು ಅರ್ಥವಾಗಲಿಲ್ಲ. "ಇಬ್ಬರು ಹೆಣ್ಣುಮಕ್ಕಳು. ಕೈಯಲ್ಲೊಂದು ಡಬ್ಬಿ. ಅಪ್ಪ ಮರೆತು ಬಿಟ್ಟು ಬಂದ್ರು, ಅದಕ್ಕೇ ನಾವೇ ತಂದ್ವಿ ಅಂತಾರೆ." ಮುಕ್ಕಾಲು ಗಂಟೆಯ ದಾರಿ, ಎರಡು ದೊಡ್ಡ ರಸ್ತೆ. ಅವನು ಎದ್ದು ನಿಲ್ಲುವುದರೊಳಗೆ ಹಿಂದಿನಿಂದ ಮ್ಯಾನೇಜರ ದನಿ ಕೇಳಿತು. ಯಾವಾಗ ಬಂದು ನಿಂತಿದ್ದರೋ. "ಅರೆ, ಮಕ್ಕಳಾ? ಒಳಗೆ ಕರೀರಿ, ನೋಡ್ಲಿ ಅಪ್ಪನ ಕೆಲಸ. ರಜೆಯಲ್ವಾ? ಡಬ್ಬಿ ಮಾತ್ರ ಹೊರಗೇ ಇರಲಿ." ಮ್ಯಾನೇಜರಿಗೆ ಅಂದು ಏಕೋ ಉಲ್ಲಾಸವಿತ್ತು. ಅವರ ಉಲ್ಲಾಸವೆಂದರೆ ಕೋಣೆಯಲ್ಲಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಹೊತ್ತು.

ಕಾಲು ತೊಳೆಸಿ, ತಲೆಗೆ ಪ್ಲಾಸ್ಟಿಕ್ಕಿನ ಟೋಪಿ ಹಾಕಿಸಿ, ಮಂಡಿ ಮುಳುಗುವ ಗಂಬೂಟು ತೊಡಿಸಿ ಒಳಗೆ ಬಿಟ್ಟಾಗ ಇಬ್ಬರೂ ಯಾವುದೋ ನಾಟಕದ ವೇಷದವರ ಹಾಗೆ ತಡವರಿಸಿಕೊಂಡು ಬಂದರು. ಚಿಕ್ಕವಳು ಸಾವಿರಾರು ಮರಿಗಳನ್ನು ಕಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದ ಮೇಜಿನ ಹೆಂಗಸು ಅವಳನ್ನು ಕರೆದು ಕೂರಿಸಿಕೊಂಡು ಕೈ ತುಂಬ ಮೊಟ್ಟೆಚಿಪ್ಪು ಕೊಟ್ಟಳು. ದೊಡ್ಡವಳು ಅಪ್ಪನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ, "ಇವತ್ತು ಅಂದಿದ್ದೆ" ಅಂದಳು.

"ಹೂಂ. ಕೆಲಸ ಮುಗೀಲಿ."

"ಅಜ್ಜಿಗೆ ಹೇಳಿ ಬಂದಿದ್ದೀನಿ. ಅಜ್ಜಿ ನಿದ್ದೆಯಲ್ಲಿ ಹೂಂ ಅಂದ್ರು."

ಮ್ಯಾನೇಜರು ಬಗ್ಗಿ, "ಏನಮ್ಮಾ, ಅಪ್ಪ ಏನ್ ಮಾಡ್ತಾರೆ ಗೊತ್ತಾ?" ಎಂದು ಕೇಳಿದರು.

"ಗಂಡು ಹೆಣ್ಣು ನೋಡ್ತಾರೆ. ನನಗೂ ಬರುತ್ತೆ."

"ಓಹೋಹೋ!" ಕೋಣೆಯಲ್ಲಿ ನಗು ಎದ್ದಿತು. "ಅಪ್ಪ ಹೇಳಿಕೊಟ್ರಾ?"

ಹೇಳಿಕೊಟ್ಟಿದ್ದ. ಕರೆಂಟು ಹೋದ ಒಂದು ಸಂಜೆ, ಇಬ್ಬರೂ ಬೇಸರದಿಂದ ಒಬ್ಬರನ್ನೊಬ್ಬರು ಚಿವುಟುತ್ತಿದ್ದಾಗ, ಖರ್ಚಿಲ್ಲದ ಇನ್ನೊಂದು ಆಟವೆಂದು. ದೊಡ್ಡವಳು ಆ ಸಂಜೆ ತಂದ ಹನ್ನೆರಡರ ರೆಕ್ಕೆಯನ್ನೂ ಬಿಡಿಸಿ ನೋಡಿ, "ಎಲ್ಲಾ ಗಂಡೇ" ಅಂದಿದ್ದಳು. ಮುಂದಿನ ಸಲವೂ ಹಾಗೇ. "ನಮ್ಮನೆಗೆ ಗಂಡೇ ಯಾಕೆ ಬರೋದು?" ಎಂದು ಕೇಳಿದ್ದಕ್ಕೆ ಅವನು, "ಗಂಡು ತುಂಟ, ಆಟಕ್ಕೆ ಚೆನ್ನ" ಅಂದಿದ್ದ. ಆ ಉತ್ತರ ಎಷ್ಟು ಸಲೀಸಾಗಿ ಬಂದಿತ್ತೆಂದರೆ ಅವನಿಗೇ ಅದು ನಿಜವೆನ್ನಿಸಿತ್ತು.

ಮ್ಯಾನೇಜರು ಒಂದು ಸ್ಟೂಲು ಎಳೆದು ಅವಳನ್ನು ಅಪ್ಪನ ಪಕ್ಕದಲ್ಲಿ ಕೂರಿಸಿದರು. ಬೇಡ ಸಾರ್, ಮಗು, ಎಂದು ಅವನು ರಾಗ ಎಳೆದದ್ದು ಯಾರಿಗೂ ಕೇಳಿಸಲಿಲ್ಲ. ಅವಳು ಒಂದು ಮರಿ ಎತ್ತಿಕೊಂಡಳು. ಹೆಬ್ಬೆರಳಿನಿಂದ ರೆಕ್ಕೆ ಬಿಡಿಸಿದ ರೀತಿ ಥೇಟು ಅವನದೇ. "ಗಂಡು" ಅಂದಳು. ಎಲ್ಲಿ ಹಾಕುವುದೆಂದು ತಿಳಿಯದೆ ಅದನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದನ್ನೆತ್ತಿದಳು. "ಇದೂ ಗಂಡು." ಮೂರನೆಯದನ್ನು ಬಿಡಿಸಿದವಳು ನಿಂತುಬಿಟ್ಟಳು. ದೀಪದ ಹತ್ತಿರ ಹಿಡಿದಳು. "ಅಪ್ಪಾ, ಇದು ಬೇರೆ ಥರ ಇದೆ."

"ಅದೇ ಕಣಮ್ಮ ಹೆಣ್ಣು!" ಎಂದು ಮ್ಯಾನೇಜರು ತೊಡೆ ತಟ್ಟಿಕೊಂಡರು. "ಇದುವರೆಗೂ ನೋಡೇ ಇಲ್ವಾ?"

"ನಮ್ಮನೆಗೆ ಗಂಡೇ ಬರೋದು."

ಈ ಸಲದ ನಗು ಕೋಣೆಯ ಆಚೆ ಮೂಲೆಯವರೆಗೂ ಹೋಯಿತು. ಯಾರೋ, "ಬೆರಳಪ್ಪ ಮನೇಲೂ ಡ್ರಮ್ಮು ಇಟ್ಟಿದ್ದಾನೆ" ಅಂದರು. ಅವಳು ನಗುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಹೆಣ್ಣನ್ನು ಪೆಟ್ಟಿಗೆಯಲ್ಲಿಟ್ಟು, ಮಡಿಲಿನ ಎರಡನ್ನು ಎತ್ತಿ ಹಿಡಿದು, "ಇವನ್ನ?" ಎಂದು ಕೇಳಿದಳು. ಮ್ಯಾನೇಜರು ಗದ್ದದಿಂದ ಡ್ರಮ್ಮನ್ನು ತೋರಿಸಿದರು. ಅವಳು ಸ್ಟೂಲಿನಿಂದ ಇಳಿದು, ಗಂಬೂಟಿನ ತುದಿಯಲ್ಲಿ ನಿಂತು ಡ್ರಮ್ಮಿನೊಳಗೆ ಬಗ್ಗಿ ನೋಡಿದಳು. ಅವನು ಆಗ ಏನಾದರೂ ಹೇಳಬಹುದಿತ್ತು. ಹೇಳಲು ಬೇಕಾದಷ್ಟು ಹೊತ್ತಿತ್ತು. ಇದು ಬೇರೆ ಡ್ರಮ್ಮು, ಇಲ್ಲಿಂದ ಶೆಡ್ಡಿಗೆ ಹೋಗ್ತವೆ, ಇವಕ್ಕೆ ಕಾಯಿಲೆ, ಇವು ನಿನ್ನವಲ್ಲ. ಬೇರೆ ಯಾವ ದಿನವಾದರೂ ಹತ್ತು ಮಾತು ನಾಲಗೆಯ ತುದಿಯಲ್ಲಿ ತಾವಾಗಿಯೇ ಬಂದು ನಿಲ್ಲುತ್ತಿದ್ದವು. ಈಗ ಮ್ಯಾನೇಜರು ನೋಡುತ್ತಿದ್ದರು. ಅವನು ಕತ್ತು ಬಗ್ಗಿಸಿ ಇನ್ನೊಂದು ಮರಿಯನ್ನೆತ್ತಿಕೊಂಡ. ಅವಳು ತುಂಬಾ ಹೊತ್ತು ಹಾಗೇ ಬಗ್ಗಿ ನಿಂತಿದ್ದಳು. ಡ್ರಮ್ಮು ಮುಕ್ಕಾಲು ತುಂಬಿತ್ತು, ಸದ್ದು ಇಳಿದಿತ್ತು. ಆಮೇಲೆ ತೋಳನ್ನು ಮೊಣಕೈಯವರೆಗೆ ಒಳಗೆ ಇಳಿಸಿ, ಮೇಲೆ ಇಡುವ ಹಾಗೆ ಮೆಲ್ಲಗೆ, ಒಂದನ್ನಿಟ್ಟಳು. ಇನ್ನೊಂದನ್ನಿಟ್ಟಳು. ಬಂದು ಸ್ಟೂಲಿನ ಮೇಲೆ ಕೂತಳು. ಅವನ ಕಡೆ ನೋಡಲಿಲ್ಲ. ತಟ್ಟೆಗೆ ಕೈ ಹಾಕಿದಳು. ಮುಂದಿನ ಎರಡು ಮೂರು ಗಂಡಿಗೂ ಎದ್ದು ಹೋಗಿ ಇಟ್ಟು ಬಂದಳು. ಹತ್ತನೆಯದಕ್ಕೆ ಕೂತಲ್ಲಿಂದಲೇ ಕೈ ಚಾಚಿ ಬಿಟ್ಟಳು.

"ಭಲೆ!" ಅಂದರು ಮ್ಯಾನೇಜರು. ಆಮೇಲೆ, ಈಗಷ್ಟೇ ನೆನಪಾದವರಂತೆ, "ಬೆರಳಪ್ಪ, ಹೇಗೂ ಬಂದಿದ್ದೀನಿ. ನೋಡೇಬಿಡೋಣ" ಎಂದು ಮೇಜಿನ ಮೇಲೆ ತುಂಬಿದ್ದ ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು.

ನೂರು ಮರಿ. ಮ್ಯಾನೇಜರು ಮೂಗಿನ ಮೇಲೆ ಕನ್ನಡಕ ಏರಿಸಿ—ಮ್ಯಾನೇಜರಾದವರು ಕನ್ನಡಕ ಹಾಕಬಹುದು—ಒಂದೊಂದನ್ನೇ ಬಿಡಿಸಿ ನೋಡಿ ಖಾಲಿ ಪೆಟ್ಟಿಗೆಗೆ ದಾಟಿಸತೊಡಗಿದರು. ಪಕ್ಕದ ಮೇಜುಗಳಲ್ಲಿ ಕೈ ನಿಧಾನವಾಯಿತು. ಮೊದಲ ಗಂಡು ಇಪ್ಪತ್ತರೊಳಗೇ ಸಿಕ್ಕಿತು. ಅವರು ಅದನ್ನು ಮೇಜಿನ ಮೇಲೆ ಅವನ ಮುಂದೆ ಇಟ್ಟರು. ಅದು ಅಲ್ಲಿ ನಿಂತು ಕಣ್ಣು ಮುಚ್ಚಿ ತೆರೆದು ಮಾಡಿತು. ಎರಡನೆಯದು. ಮೂರನೆಯದು ಬಂದಾಗ ಗಂಬೂಟು ತೊಟ್ಟ ಆ ಮುದುಕ ಒಬ್ಬನೇ ಕೂತು ಉಣ್ಣುವ ಮೂಲೆ ಕಣ್ಣ ಮುಂದೆ ಬಂತು, ಆ ಮೂಲೆಯಲ್ಲಿ ಇನ್ನೊಬ್ಬನಿಗೆ ಜಾಗವಿದೆ. ಒಟ್ಟು ಏಳು. ಏಳು ಮರಿಗಳು ಮೇಜಿನ ಮೇಲೆ ಗುಂಪುಗೂಡಿ, ಕಾವಿಗೆ ಒಂದರೊಳಗೊಂದು ತೂರಿಕೊಳ್ಳುತ್ತಿದ್ದವು.

"ಮಗು ಕೈ ಹಾಕ್ತಲ್ಲ ಸಾರ್," ಎಂದು ಅವನು ಹೇಳಿದ. ದನಿ ಸಹಜವಾಗಿತ್ತು, ಸ್ವಲ್ಪ ನಗುವೂ ಇತ್ತು ಅದರಲ್ಲಿ. "ಅದಕ್ಕೇ ಹೀಗಾಗಿದೆ. ಇದೇ ಪೆಟ್ಟಿಗೆಗೆ ಹಾಕ್ತಿದ್ಲು. ಗೊತ್ತಾಗಲ್ವಲ್ಲ ಅವಳಿಗೆ." ಹೇಳುವಾಗ ಅವನ ಕೈ ತಾನಾಗಿಯೇ ಹೋಗಿ ಮಗಳ ಪ್ಲಾಸ್ಟಿಕ್ ಟೋಪಿಯ ತಲೆಗೆ ಮೆಲ್ಲಗೆ ಮೊಟಕಿತು, ತಪ್ಪು ಮಾಡಿದ ಮಗುವನ್ನು ಮುದ್ದಿನಿಂದ ಗದರುವ ಹಾಗೆ.

ಅವಳು ಆಗ ಅವನನ್ನು ನೋಡಿದಳು. ಆ ಬೆಳಿಗ್ಗೆ ಡ್ರಮ್ಮಿನೊಳಗೆ ನೋಡಿದ ಮೇಲೆ ಅದೇ ಮೊದಲ ಸಲ.

"ನಾನಲ್ಲ," ಅಂದಳು.

"ಮತ್ತೆ ಅಪ್ಪನಾ?" ಮ್ಯಾನೇಜರಿಗೆ ಈಗ ನಿಜವಾದ ಖುಷಿ ಬಂದಿತ್ತು. "ಯಾರು ಸುಳ್ಳು ಹೇಳ್ತಿರೋದು, ಅಪ್ಪನೋ ಮಗಳೋ?"

"ನಾನು ಹಾಕಿದ್ದನ್ನೆಲ್ಲ ನೋಡೇ ಹಾಕಿದ್ದು."

"ಸರಿ ಹಾಗಾದ್ರೆ." ಮ್ಯಾನೇಜರು ಎದ್ದು ಗೋಡೆಯ ಪಕ್ಕ ಪೇರಿಸಿಟ್ಟಿದ್ದ ಪೆಟ್ಟಿಗೆಗಳಿಂದ ಅವನ ಸೀಮೆಸುಣ್ಣದ ಗುರುತಿದ್ದ ಒಂದನ್ನು ಇಳಿಸಿಕೊಂಡು ಬಂದರು. ಬೆಳಿಗ್ಗೆ ಬಂದ ಕೂಡಲೆ ತುಂಬಿ ಕಟ್ಟಿಟ್ಟದ್ದು, ಮಕ್ಕಳು ಇನ್ನೂ ಮನೆಯಲ್ಲಿದ್ದಾಗಿನದು. ದಾರ ಬಿಚ್ಚಿ ಅವಳ ಮುಂದೆ ಇಟ್ಟರು. "ಇದಕ್ಕೆ ನೀನು ಕೈ ಹಾಕಿಲ್ಲ ತಾನೇ? ಇದರಲ್ಲಿ ಗಂಡಿದ್ರೆ ಹುಡುಕು ನೋಡೋಣ."

ಅವಳು ಸ್ಟೂಲನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. ಅವನು ಅವಳ ಬೆರಳುಗಳನ್ನೇ ನೋಡುತ್ತ ಕೂತ. ಎಷ್ಟು ಸಣ್ಣ ಬೆರಳುಗಳು, ಉಗುರಿನಲ್ಲಿ ಕಪ್ಪು, ತೋರುಬೆರಳಿನ ಮೇಲೆ ಎಂದೋ ಸುಟ್ಟುಕೊಂಡ ಕಲೆ. ಈ ಬೆರಳುಗಳು ಹುಟ್ಟಿದ ದಿನ ಅವನ ಒಂದು ಬೆರಳನ್ನು ಹಿಡಿದುಕೊಂಡಾಗ ಹೆರಿಗೆಮನೆಯ ದಾದಿ, "ಬಿಡಿಸ್ಕೊಳ್ಳಿ ನೋಡೋಣ" ಎಂದು ನಕ್ಕಿದ್ದಳು. ಈಗ ಅವು ಮರಿಯನ್ನೆತ್ತುತ್ತಿದ್ದವು, ಬಿಡಿಸುತ್ತಿದ್ದವು, ಇಡುತ್ತಿದ್ದವು. ಮೊದಲ ಗಂಡನ್ನು ಅವಳು ಪಕ್ಕಕ್ಕಿಟ್ಟಾಗ ಮ್ಯಾನೇಜರು ಎತ್ತಿ ನೋಡಿ ತಲೆಯಾಡಿಸಿದರು. ಎರಡನೆಯದಕ್ಕೂ ತಲೆಯಾಡಿಸಿದರು. ಅವಳು ತಪ್ಪಲಿ ಎಂದು ತಾನು ಬಯಸುತ್ತಿದ್ದೇನೆ ಎನ್ನುವುದು ಐದನೆಯ ಮರಿಯ ಹೊತ್ತಿಗೆ ಅವನಿಗೆ ಗೊತ್ತಾಯಿತು. ಬಯಸುವುದೇನು, ಹಲ್ಲು ಕಚ್ಚಿ ಬೇಡುತ್ತಿದ್ದ. ಒಂದೇ ಒಂದು. ಒಂದು ಹೆಣ್ಣನ್ನು ಗಂಡೆನ್ನಲಿ, ಸಾಕು. ನೋಡಿ ಸಾರ್, ಮಗು, ಎಂದು ನಾನು ಕೂಗಿಬಿಡುತ್ತೇನೆ. ಒಂದು ಮರಿಯ ಹತ್ತಿರ ಅವಳು ತಡೆದಳು. ಒಂದು ರೆಕ್ಕೆ ನೋಡಿದಳು, ತಿರುಗಿಸಿ ಇನ್ನೊಂದು ರೆಕ್ಕೆ ನೋಡಿದಳು. ತುಟಿ ಕಚ್ಚಿಕೊಂಡಳು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗ ಮರೆತರೆ ಹೀಗೇ ತುಟಿ ಕಚ್ಚುತ್ತಾಳೆ, ಆಗೆಲ್ಲ ಅವನೂ ಮನಸ್ಸಿನಲ್ಲೇ ಮುಂದಿನ ಸಾಲನ್ನು ಹೇಳಿ ಅವಳನ್ನು ದಾಟಿಸುತ್ತಾನೆ. ಈಗ ಅವನು ಉಸಿರು ಹಿಡಿದು, ತಪ್ಪು, ತಪ್ಪು, ತಪ್ಪು, ಎನ್ನುತ್ತಿದ್ದ. ಅವಳು ಅದನ್ನು ಹೆಣ್ಣಿನ ಕಡೆಗೆ ಇಟ್ಟಳು. ಮ್ಯಾನೇಜರು ಎತ್ತಿ ನೋಡಿದರು. ಹೆಣ್ಣೇ.

ಒಟ್ಟು ಒಂಬತ್ತು ಗಂಡು. ಯಾರೂ ಹೇಳದೆಯೇ ಅವಳು ಒಂಬತ್ತನ್ನೂ ಒಂದೊಂದಾಗಿ ಎತ್ತಿ ಡ್ರಮ್ಮಿಗೆ ಬಿಟ್ಟಳು. ಆಮೇಲೆ ಮೇಜಿನ ಮೇಲೆ ಮೊದಲಿನಿಂದ ನಿಂತಿದ್ದ ಏಳನ್ನೂ ಬಿಟ್ಟಳು. ಕೈ ಕೊಡವಿಕೊಂಡು ಫ್ರಾಕಿಗೆ ಒರೆಸಿಕೊಂಡಳು.

ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಪಕ್ಕದ ಮೇಜಿನ ಹೆಂಗಸು ಚಿಕ್ಕವಳ ಕೈಯಿಂದ ಮೊಟ್ಟೆಚಿಪ್ಪು ತೆಗೆದುಕೊಳ್ಳುತ್ತ ಸುಮ್ಮನೆ ಏನೋ ಗೊಣಗಿದಳು. ಮ್ಯಾನೇಜರು ಕನ್ನಡಕವನ್ನು ಜೇಬಿಗೆ ಸೇರಿಸಿದರು. "ಬೆರಳಪ್ಪ, ನಿನ್ನ ಕಣ್ಣು ಹೋಗಿದೆ ಕಣೋ. ಇದನ್ನ ನೀನೇ ಬಂದು ಹೇಳಿದ್ದಿದ್ರೆ ಬೇರೆ ಮಾತು." ನಿಲ್ಲಿಸಿ, ಹುಡುಗಿಯ ಕಡೆ ತಿರುಗಿದರು. "ಶಾಲೆ ಯಾವಾಗಮ್ಮ ಶುರು?"

"ಇನ್ನೂ ನಾಲ್ಕು ವಾರ ಇದೆ."

"ನಾಲ್ಕು ವಾರ." ಅವರು ಲೆಕ್ಕ ಹಾಕುವವರಂತೆ ಮಾಡು ನೋಡಿದರು. "ಒಂದು ಕೆಲಸ ಮಾಡು ಬೆರಳಪ್ಪ. ಮರಿ ಬರೋ ದಿವಸ ಇವಳನ್ನ ಕರ್ಕೊಂಡು ಬಾ. ಪಕ್ಕದಲ್ಲಿ ಕೂರಿಸ್ಕೋ. ನೀನು ಎತ್ತಿ ಕೊಡು, ಅವಳು ನೋಡ್ಲಿ. ಹಾಜರಿ ಹಾಳೆಯಲ್ಲಿ ನಿನ್ನ ಹೆಸರೇ ಇರ್ಲಿ. ಶಾಲೆ ಶುರುವಾದ ಮೇಲೆ ನೋಡೋಣ. ನಿನಗೂ ಆಯ್ತು, ಮಕ್ಕಳಿಗೂ ರಜೆ ಕಳೀತು. ಮನೇಲಿ ಕೂತು ಬೇಜಾರಲ್ವೇನಮ್ಮ?"

ಅವಳು ಬೆರಳಿಗಂಟಿದ ಹಳದಿ ನವಿರನ್ನು ಕೀಳುತ್ತಿದ್ದಳು. "ಆಗ್ಲಿ ಸಾರ್," ಎಂದು ಅವನೇ ಹೇಳಿದ. ಆಮೇಲೆ ಎಷ್ಟೋ ಸಲ ಅವನು ಆ ಕ್ಷಣಕ್ಕೆ ಹಿಂತಿರುಗಿ ಹೋಗಿ, ಆಗ ತನಗೆ ಮೊದಲು ಏನನ್ನಿಸಿತು ಎಂದು ಕೆದಕಿ ನೋಡಿದ್ದಾನೆ. ನಾಚಿಕೆಯಾಗಿರಬೇಕು, ಸಿಟ್ಟಾಗಿರಬೇಕು ಎಂದು ಹುಡುಕಿದ್ದಾನೆ. ಸಿಗುವುದು ಒಂದೇ. ನಾಲ್ಕು ವಾರ, ಇನ್ನು ನಾಲ್ಕು ವಾರ ಎಂದು ಮೈಯೆಲ್ಲ ಹಗುರಾಗಿ ಹರಡಿಕೊಂಡ ಸುಖ. ಆ ಸುಖದಲ್ಲಿ ಅವನು ಮ್ಯಾನೇಜರಿಗೆ ಕೈ ಮುಗಿದಿದ್ದ ಕೂಡ.

ಊಟದ ಗಂಟೆಯಾದಾಗ ಮಕ್ಕಳನ್ನು ಕರೆದುಕೊಂಡು ಗೇಟಿನವರೆಗೆ ಬಂದ. ಬಿಸಿಲು ನೆಲದಿಂದ ಎದ್ದು ಕಣ್ಣಿಗೆ ಹೊಡೆಯಿತು. ಕಾವಲುಗಾರ ಶೂ ಡಬ್ಬಿಯನ್ನು ಚಿಕ್ಕವಳ ಕೈಗೆ ಕೊಟ್ಟ. ಅವಳು ಮುಚ್ಚಳ ತೆಗೆದು ನೋಡಿ, ತಲೆಕೆಳಗು ಮಾಡಿ ಅಲ್ಲಾಡಿಸಿ, "ಎಲ್ಲಿ?" ಅಂದಳು. ಕಾವಲುಗಾರ ಅವನ ಮುಖ ನೋಡಿದ. ಹೊರಗಿನ ಜೀವವನ್ನು ಗೇಟಿನಲ್ಲೂ ಇಟ್ಟುಕೊಳ್ಳುವ ಹಾಗಿಲ್ಲ, ಅದು ಕಾವಲಿನ ನಿಯಮ. "ಅದು... ಪುಟ್ಟಿ..." ಎಂದು ಕಾವಲುಗಾರ ತಲೆ ಕೆರೆದುಕೊಂಡ.

"ದೊಡ್ಡ ಶೆಡ್ಡಿಗೆ ಹೋದ್ವು," ಎಂದಳು ದೊಡ್ಡವಳು. ಮಂಡಿಯೂರಿ ತಂಗಿಯ ಎತ್ತರಕ್ಕೆ ಕೂತು, ಅವಳ ಕೆನ್ನೆಗೆ ಅಂಟಿದ್ದ ಮೊಟ್ಟೆಚಿಪ್ಪಿನ ಚೂರನ್ನು ತೆಗೆಯುತ್ತ ಹೇಳಿದಳು. "ಅಲ್ಲಿ ಫ್ಯಾನಿದೆ. ನೀರಿನ ನಲ್ಲಿಯಿದೆ. ದೊಡ್ಡವಾಗ್ತವೆ."

"ಈಗ ಹೋಗಿ ನೋಡೋಣ. ಅಪ್ಪ ಇವತ್ತು ತೋರಿಸ್ತೀನಿ ಅಂದಿದ್ರು."

ಶೆಡ್ಡು ಅಲ್ಲೇ ಕಾಣುತ್ತಿತ್ತು, ಹಾದಿಯ ಕೊನೆಗೆ, ಉದ್ದಕ್ಕೆ ಬೆಳ್ಳಗೆ. ಒಳಗಿನ ಕೋಳಿಗಳ ಗದ್ದಲ ಇಲ್ಲಿಗೂ ಕೇಳುತ್ತಿತ್ತು. "ಬನ್ನಿ ಹೋಗೋಣ," ಎಂದು ಅವನು ಹೇಳಿದ. "ಈಗಲೇ ಹೋಗೋಣ. ಬಾ ಮಗಳೇ, ತೋರಿಸ್ತೀನಿ." ಅಲ್ಲಿ ಏನು ತೋರಿಸುವುದೆಂದು ಅವನಿಗೆ ಗೊತ್ತಿರಲಿಲ್ಲ. ಹೇಗಾದರೂ ಆ ಬಾಗಿಲವರೆಗೆ ದೊಡ್ಡವಳ ಜೊತೆ ನಡೆದುಹೋಗಬೇಕು, ಅಷ್ಟೇ.

ದೊಡ್ಡವಳು ಎದ್ದು ನಿಂತಳು. ತಂಗಿಯ ಕೈಯಿಂದ ಖಾಲಿ ಡಬ್ಬಿಯನ್ನು ತೆಗೆದುಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಇವತ್ತು ಬೇಡ ಪುಟ್ಟಿ," ಎಂದಳು. "ಅವು ಇನ್ನೂ ಚಿಕ್ಕವು. ನಮ್ಮನ್ನ ನೋಡಿದ್ರೆ ಹೆದರ್ತವೆ. ರಜೆ ಮುಗಿಯೋ ದಿವಸ ಅಪ್ಪ ಕರ್ಕೊಂಡು ಹೋಗ್ತಾರೆ." ಪದಗಳ ನಡುವೆ ಎಲ್ಲೂ ತಡೆಯಲಿಲ್ಲ. ಚಿಕ್ಕವಳು ಅವನ ಕಡೆ ಮುಖವೆತ್ತಿ, "ಹೌದಾ ಅಪ್ಪಾ?" ಎಂದು ಕೇಳಿದಳು.

ಇಬ್ಬರೂ ಅವನನ್ನು ನೋಡುತ್ತ ನಿಂತಿದ್ದರು. ದೊಡ್ಡವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ತಟ್ಟೆಯಿಂದ ಮರಿಯನ್ನೆತ್ತಿ ಕೊಡುವುದು ತಡವಾದರೆ ಪಕ್ಕದಲ್ಲಿ ಕೂತವರು ನೋಡುವ ಹಾಗೆ ನೋಡುತ್ತಿದ್ದಳು.

"ಹೂಂ," ಎಂದ ಅವನು. "ರಜೆ ಮುಗಿಯೋ ದಿವಸ."